ಮಳೆಗಾಲದಲ್ಲಿ ಹಳೇ ಆಲ್ಟೊ ಸ್ಯಾಕ್ಸೋಫೋನ್ ರಿಪೇರಿ: ಇಲ್ಲಿಯವರೆಗೆ

ಜೂನ್ ಕೊನೆ

ವಾಲಗದ ತಂಡವೊಂದರಲ್ಲಿ ಓಡಾಡಿದ ವಾದ್ಯ ಇದು, ಈಗ ತೀರ್ಥಹಳ್ಳಿಯಲ್ಲಿ ನನ್ನ ಮೇಜಿನ ಮೇಲಿದೆ. ಮೇಲಿನ ಸ್ವರಗಳು ಚೆನ್ನಾಗೇ ಬರುತ್ತವೆ. ಕೆಳಗಿಳಿದಂತೆ ಗೊರಗೊರ. ಎಲ್ಲಕ್ಕಿಂತ ಕೆಳಗಿನ ಬಿ ಫ್ಲ್ಯಾಟ್ ಅಂತೂ ಬರುವುದೇ ಇಲ್ಲ, ಅದರ ಮೇಲಿನ ಸ್ಥಾಯಿ ಹಾರಿಕೊಂಡು ಬರುತ್ತದೆ.

ಬಿಚ್ಚುವ ಮೊದಲು ಬರೀ ಮೌತ್‌ಪೀಸ್ ಊದಿ ನೋಡಿದೆ. ಫೋನಿನ ಟ್ಯೂನರ್ 880 ಹರ್ಟ್ಸ್ ಹತ್ತಿರ ನಿಂತಿತು. ಕುತ್ತಿಗೆಯ ಕೊಳವೆ ಸೇರಿಸಿದರೆ 415ರ ಆಸುಪಾಸು. ರೀಡ್ (ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ) ಅದೇ, ತುಟಿ ಅದೇ. ಉದ್ದವಾಗಿದ್ದು ಒಳಗಿನ ಗಾಳಿಯ ಕಂಬ ಅಷ್ಟೇ. ಎರಡೂ ಇರಬೇಕಾದಂತೆಯೇ ಇವೆ, ಅಂದರೆ ತೊಂದರೆ ಇನ್ನೂ ಕೆಳಗಿದೆ.

ರೀಡ್ ಅದುರುತ್ತಾ ಗಾಳಿಯನ್ನು ತುಂಡು ತುಂಡಾಗಿ ಒಳಗೆ ಬಿಡುತ್ತದೆ. ಕೊಳವೆಯಿಂದ ಮರಳಿ ಬರುವ ಒತ್ತಡದ ಅಲೆ, ಯಾವ ವೇಗದಲ್ಲಿ ಅದುರಬೇಕು ಅಂತ ರೀಡಿಗೆ ಹೇಳುತ್ತದೆ. ಆ ಕೆಳಗಿನ ಬಿ ಫ್ಲ್ಯಾಟ್‌ಗೆ ಸೆಕೆಂಡಿಗೆ ಸುಮಾರು 139 ಸಲ. ಟ್ರಂಪೆಟ್‌ನಲ್ಲಿ ಅದುರುವುದು ತುಟಿ. ಹಾಗಾಗಿ ಮೈಯೆಲ್ಲ ಹಿತ್ತಾಳೆ ಇದ್ದರೂ ಸ್ಯಾಕ್ಸೋಫೋನ್, ರೀಡ್ ಅದುರುವ ಕ್ಲಾರಿನೆಟ್, ಓಬೋಗಳ ಬಳಗ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕ್ಲಾರಿನೆಟ್‌ನಂಥ ಒಂಟಿ ರೀಡು, ಓಬೋದಂಥ ಹಿಗ್ಗುತ್ತಾ ಹೋಗುವ ಕೊಳವೆ. ನಮ್ಮ ನಾದಸ್ವರದ ಕೊಳವೆಯೂ ಹಿಗ್ಗುತ್ತಲೇ ಹೋಗುತ್ತದೆ ಅಲ್ವಾ, ರೀಡು ಮಾತ್ರ ಜೋಡಿ.

ಈ ಆಕಾರದಿಂದ ದೊಡ್ಡ ಲಾಭವಿದೆ. ಷಡ್ಜ ಹಿಡಿದು ಹೆಬ್ಬೆರಳಿನ ಆಕ್ಟೇವ್ ಕೀ ಒತ್ತಿದರೆ ಸೀದಾ ತಾರ ಷಡ್ಜ. ಕ್ಲಾರಿನೆಟ್ ಕೊಳವೆ ಒಂದೇ ಅಗಲ, ಹಾಗಾಗಿ ಅಲ್ಲಿ ರಿಜಿಸ್ಟರ್ ಕೀ ಒತ್ತಿದರೆ ತಾರ ಪಂಚಮಕ್ಕೇ ಜಿಗಿಯುತ್ತದೆ.

ಜುಲೈ

ಇಲ್ಲಿ ಈ ತಿಂಗಳು ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ತೂತು ಮುಚ್ಚುವ ಚರ್ಮದ ಪ್ಯಾಡ್ ಬಿಟ್ಟೀತೇ? ಕರೆಂಟು ಹೋದ ರಾತ್ರಿ ಬ್ಯಾಟರಿ ಎಲ್‌ಇಡಿ ಸರವನ್ನು ಕೊಳವೆಯೊಳಗೆ ಇಳಿಸಿ, ಬಿ ಫ್ಲ್ಯಾಟ್ ಹಿಡಿದು ಕೂತೆ. ಜಿ ಶಾರ್ಪ್ ಪ್ಯಾಡಿನ ಅಂಚಲ್ಲಿ ಉಗುರಿನಷ್ಟು ಬೆಳಕು, ಅಂದರೆ ಗಾಳಿ ಸೋರುವುದೂ ಅಲ್ಲೇ. ಎಡಗೈ ಕಿರುಬೆರಳು ಕೆಳಗಿನ ಕೀ ಒತ್ತುವಾಗ ಜಿ ಶಾರ್ಪ್ ಕೀಯೂ ಜೊತೆಗೇ ಒತ್ತಿಕೊಳ್ಳುತ್ತದೆ. ಆಗ ಆ ಪ್ಯಾಡು ಏಳದಂತೆ ಹಿಡಿಯಬೇಕಾದದ್ದು ಒಂದು ಪುಟ್ಟ ಸ್ಕ್ರೂ. ಅದು ಸಡಿಲವಾಗಿತ್ತು. ಮೇಲೆಲ್ಲೋ ಇಷ್ಟು ಸೋರಿದರೂ ಕೆಳಗಿನ ಸ್ವರ ನಿಲ್ಲುವುದಿಲ್ಲ.

ಸ್ಕ್ರೂ ಚೂರು ತಿರುಗಿಸಿ, ಪ್ಯಾಡಿನಡಿ ಸಿಗರೇಟ್ ಕಾಗದದ ಎಳೆ ಇಟ್ಟು ಎಳೆದು ನೋಡಿದೆ. ಸುತ್ತಲೂ ಒಂದೇ ಬಿಗಿ. ಊದಿದೆ, ಮನೆಯ ಕಿಟಕಿ ಗಾಜು ಗುಂಯ್‌ಗುಟ್ಟಿತು!

ಗಮಕ ಇನ್ನೂ ದೂರದ ಮಾತು. ನಾದಸ್ವರದಲ್ಲಿ ಬೆರಳನ್ನು ತೂತಿನ ಮೇಲೆ ಅರ್ಧ ಸರಿಸಬಹುದು. ಇಲ್ಲಿ ಪ್ಯಾಡು ನಡುವೆ ಇದೆ, ತುಟಿ ಮತ್ತು ದವಡೆಯಿಂದಲೇ ಸ್ವರ ಬಗ್ಗಿಸಬೇಕು. ಕದ್ರಿ ಗೋಪಾಲನಾಥ್ ಅಷ್ಟು ಸಲೀಸಾಗಿ ಅದನ್ನು ಹೇಗೆ ಮಾಡುತ್ತಿದ್ದರೋ!

ಈಗ

ಬಿ ಫ್ಲ್ಯಾಟ್ ಜೋರಾಗಿ ಬರುತ್ತದೆ, ಮೆಲ್ಲಗೆ ಊದಿದರೆ ತಡವರಿಸುತ್ತದೆ. ಕೆಳಗಿನ ಸಿ ಶಾರ್ಪ್ ಪ್ಯಾಡಿನ ಚರ್ಮ ಗಟ್ಟಿಯಾಗಿದೆ, ಬದಲಿಸಲೇಬೇಕು. ಆದರೆ ಈ ತೇವದಲ್ಲಿ ಹೊಸದು ಕೂರಿಸಿದರೆ ಉಬ್ಬೀತು. ಮಳೆ ಕಡಿಮೆಯಾಗಲಿ, ಆಮೇಲೆ ನೋಡೋಣ.