ನಲಿ-ಕಲಿ ಏಣಿಯಲ್ಲಿ ಕಲಿಕಾ ಸಿದ್ಧಾಂತಗಳು

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿರುವವರಿಗೆ ಕಲಿಕಾ ಸಿದ್ಧಾಂತಗಳೆಂದರೆ ಹೊಂದಿಸಿ ಬರೆಯುವ ಪ್ರಶ್ನೆಗಳು. ಪಾವ್ಲೋವ್ ಎಂದರೆ ನಾಯಿ, ಥಾರ್ನ್‌ಡೈಕ್ ಎಂದರೆ ಬೆಕ್ಕು, ಕೊಹ್ಲರ್ ಎಂದರೆ ಚಿಂಪಾಂಜಿ, ಪಿಯಾಜೆ ಎಂದರೆ ನಾಲ್ಕು ಹಂತಗಳು. ಪರೀಕ್ಷೆ ಮುಗಿದು ಕೆಲಸ ಸಿಕ್ಕ ಮೇಲೆ ಈ ಹೆಸರುಗಳ ಗೊಡವೆ ಯಾರಿಗೂ ಇರುವುದಿಲ್ಲ. ಆದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕೆಳಗಿನ ತರಗತಿಗಳ ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮದೇ ವೇಗದಲ್ಲಿ ಕಲಿಯುವ ನಲಿ-ಕಲಿ ಕೊಠಡಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತರೆ, ಆ ಸಿದ್ಧಾಂತಗಳಲ್ಲಿ ಹೆಚ್ಚಿನವು ಅಲ್ಲಿನ ಕಾರ್ಡು, ಏಣಿ (ಕಲಿಕೆಯ ಮೆಟ್ಟಿಲುಗಳ ಪಟ್ಟಿ), ತಟ್ಟೆ (ಮಕ್ಕಳು ಕೂರುವ ಗುಂಪು)ಗಳಲ್ಲಿ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಶಿಕ್ಷಕರ ತರಬೇತಿಯಲ್ಲಿ ತೊಡಗಿಕೊಂಡಿರುವ ನನಗೆ ಬಹುಕಾಲದಿಂದ ಕಾಡುತ್ತಿರುವ ಸಂಗತಿಯೆಂದರೆ, ಮಕ್ಕಳ ಕಲಿಕೆಗೆ ಇಷ್ಟು ಎಚ್ಚರದಿಂದ ಅಳವಡಿಸಿದ ತತ್ವಗಳನ್ನು ಅದೇ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿಗೆ ನಾವು ಅಳವಡಿಸಲೇ ಇಲ್ಲ ಎಂಬುದು.

ನಲಿ-ಕಲಿ ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಅದಕ್ಕೆ ಪ್ರೇರಣೆ ಆಂಧ್ರದ ಮದನಪಲ್ಲಿ ಸಮೀಪದ ಋಷಿವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಯ ಶಾಲೆಗಳಿಗಾಗಿ ರೂಪಿಸಿದ್ದ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಬಹುವರ್ಗ ಬೋಧನಾ ವಿಧಾನ. ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗುವಂತೆ ಕಾರ್ಡುಗಳನ್ನು ತಾವೇ ಕೂತು ಬರೆದರು. 2009-10ರ ಹೊತ್ತಿಗೆ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು.

ಮೊದಲು ಅಕ್ಷರಗಳ ಕ್ರಮವನ್ನೇ ನೋಡೋಣ. ವರ್ಣಮಾಲೆಯ ಕ್ರಮದಲ್ಲಿ ಅ, ಆ, ಇ, ಈ ಎಂದು ಹೊರಟ ಮಗುವಿಗೆ ವಾರಗಟ್ಟಲೆ ತಿದ್ದಿದರೂ ಹೇಳಿಕೊಳ್ಳುವಂಥ ಒಂದು ಪದ ಓದಲು ಸಿಗುವುದಿಲ್ಲ. ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಈ ಐದು ಬಂದ ಕೂಡಲೇ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಓದತೊಡಗುತ್ತದೆ. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ಬನ, ನಗರ ಎಲ್ಲವೂ ಅದರ ವಶ. ಒಂದು ಅಕ್ಷರದ ದುಂಡು ತಿರುವಿನಲ್ಲಿ ಪಳಗಿದ ಕೈಗೆ ಅದೇ ತಿರುವು ಮುಂದಿನ ಅಕ್ಷರದಲ್ಲೂ ಸಿಗುತ್ತದೆ. ಥಾರ್ನ್‌ಡೈಕ್ ಹೇಳಿದ ಅಭ್ಯಾಸ ನಿಯಮವೂ ಪರಿಣಾಮ ನಿಯಮವೂ ಇಲ್ಲಿ ಒಟ್ಟಿಗೇ ಇವೆ: ತಿದ್ದುವುದು ತಪ್ಪುವುದಿಲ್ಲ, ತಿದ್ದಿದ್ದಕ್ಕೆ ಅಂದೇ ಫಲವೂ ಸಿಗುತ್ತದೆ.

ನಲಿ-ಕಲಿಯನ್ನು ರಚನಾವಾದದ, ಅಂದರೆ ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ವಾದದ, ಮಾದರಿ ಎಂದು ಕರೆಯುವುದು ವಾಡಿಕೆ. ಕಲಿಕಾ ಏಣಿಯ ಮಟ್ಟಿಗೆ ಇದು ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ. ಕಲಿಯಬೇಕಾದುದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದನ್ನು ಸಾಧಿಸಿದ ಮೇಲಷ್ಟೇ ಮುಂದಿನದಕ್ಕೆ ಬಿಡುವ ಆಲೋಚನೆ ವರ್ತನಾವಾದಿ ಮನೋವಿಜ್ಞಾನಿ ಸ್ಕಿನ್ನರ್‌ಗೆ ಹತ್ತಿರವಾದದ್ದು. 1953ರಲ್ಲಿ ತನ್ನ ಮಗಳ ಗಣಿತದ ತರಗತಿಯಲ್ಲಿ ಕುಳಿತಿದ್ದ ಸ್ಕಿನ್ನರ್, ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಾಗಿರುವುದನ್ನೂ, ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಮರುದಿನದವರೆಗೆ ಕಾಯಬೇಕಾಗಿರುವುದನ್ನೂ ಕಂಡು, ಈ ಎರಡು ದೋಷಗಳನ್ನು ನೀಗಲು ಬೋಧನಾ ಯಂತ್ರವನ್ನು ರೂಪಿಸಲು ಹೊರಟರು. ಎಲ್ಲರಿಗೂ ಒಂದೇ ಅವಧಿ ಕೊಟ್ಟು ಬೇರೆ ಬೇರೆ ಫಲ ಪಡೆಯುವ ಬದಲು, ಅವಧಿಯನ್ನು ಹಿಗ್ಗಿಸಿ ಎಲ್ಲರಿಂದಲೂ ಸಾಧನೆ ಪಡೆಯಬೇಕೆಂದು 1968ರಲ್ಲಿ ವಾದಿಸಿದವರು ಬ್ಲೂಮ್. ನಮ್ಮ ಪರೀಕ್ಷಾ ಮಾರ್ಗದರ್ಶಿಗಳಲ್ಲಿ ಅವರು ಉದ್ದೇಶಗಳ ವರ್ಗೀಕರಣಕ್ಕಷ್ಟೇ ಉಳಿದುಕೊಂಡಿರುವುದು ದುಃಖದ ಸಂಗತಿ. ಹೊಲದ ಕೆಲಸದ ಕಾಲದಲ್ಲಿ ಹದಿನೈದು ದಿನ ಶಾಲೆಗೆ ಬಾರದ ಮಗು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಏಣಿಯ ದೊಡ್ಡ ಗುಣ. ಇದನ್ನು ವರ್ತನಾವಾದ (ಅಭ್ಯಾಸ ಮತ್ತು ಫಲದಿಂದ ವರ್ತನೆ ರೂಪುಗೊಳ್ಳುತ್ತದೆ ಎಂಬ ವಾದ) ಎಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

ರಚನಾವಾದ ಕಾಣುವುದು ತಟ್ಟೆಗಳಲ್ಲಿ. ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಸ್ವಕಲಿಕೆ ಎಂಬ ಐದು ಗುಂಪುಗಳ ನಡುವೆ ಮಗು ಓಡಾಡುತ್ತದೆ. ಇಂದು ನೆರವಿನಿಂದ ಮಾಡುವುದನ್ನು ನಾಳೆ ಮಗು ತಾನಾಗಿಯೇ ಮಾಡುತ್ತದೆ, ಕಲಿಸುವವರ ಕಣ್ಣು ಆ ನಡುವಿನ ಅಂತರದ ಮೇಲಿರಬೇಕು ಎಂಬ ವೈಗೋಟ್‌ಸ್ಕಿಯ ಸಾಮೀಪ್ಯ ವಿಕಾಸ ವಲಯದ ಪರಿಕಲ್ಪನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ಒಂದು ಶಾಲೆಯಲ್ಲಿ ಮೊದಲನೆಯ ತರಗತಿಯ ಹುಡುಗನೊಬ್ಬ 'ಗರಗಸ' ಎಂಬ ಪದದ ಮುಂದೆ ತಡವರಿಸುತ್ತಿದ್ದ. ಪಕ್ಕದಲ್ಲಿದ್ದ ಎರಡನೆಯ ತರಗತಿಯ ಹುಡುಗಿ ಪದವನ್ನು ಹೇಳಿಕೊಡಲಿಲ್ಲ; ಕೊನೆಯ ಎರಡು ಅಕ್ಷರಗಳನ್ನು ಬೆರಳಿನಿಂದ ಮುಚ್ಚಿದಳು. ಅವನು 'ಗರ' ಎಂದ. ಬೆರಳು ಜರುಗಿತು, 'ಗಸ' ಎಂದ. ಮುಂದಿನ ಪದ 'ಅಗಸ'ಕ್ಕೆ ಅವಳು ಬೆರಳು ಇಡಲೇ ಇಲ್ಲ. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳನ್ನು ಜೋಡಿಸಿ ಗೋಪುರ ಕಟ್ಟುವಾಗ ಕಲಿಸುವವರು ಯಾವಾಗ ಕೈಹಾಕಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ವಿವರಿಸಿದ್ದರು. ಆ ವಿವರಣೆಯ ತಿರುಳನ್ನು ಈ ಹುಡುಗಿ ಯಾರೂ ಹೇಳಿಕೊಡದೆಯೇ ಮಾಡಿ ತೋರಿಸಿದ್ದಳು.

ಏಣಿಯಲ್ಲಿ ಒಂದು ಕೊರತೆಯಿದೆ, ಅದನ್ನೂ ಹೇಳಬೇಕು. ಮೈಲಿಗಲ್ಲಿನ, ಅಂದರೆ ಏಣಿಯ ಕೆಲವು ಮೆಟ್ಟಿಲುಗಳ ಗುಂಪಿನ, ಕೊನೆಯಲ್ಲಿ ಮೌಲ್ಯಮಾಪನ ಮುಗಿದರೆ ಪ್ರಗತಿ ನೋಟ ಎಂಬ ದಾಖಲೆಯಲ್ಲಿ ಗುರುತು ಬೀಳುತ್ತದೆ, ಮಗು ಮುಂದಕ್ಕೆ ಹೋಗುತ್ತದೆ. ಜುಲೈನಲ್ಲಿ ದಾಟಿದ ಮೆಟ್ಟಿಲು ದಸರಾ ರಜೆಯ ನಂತರ ನೆನಪಿನಲ್ಲಿದೆಯೇ ಎಂದು ನೋಡುವುದು ಶಿಕ್ಷಕರ ಮುತುವರ್ಜಿಗೆ ಬಿಟ್ಟದ್ದು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಎಷ್ಟು ಬಿರುಸಾಗಿರುತ್ತದೆ ಎಂಬುದನ್ನು ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ಗದ್ಯಭಾಗವನ್ನು ಮತ್ತೆ ಓದಿದ ಕಾಲೇಜು ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ವಾರದ ನಂತರ ಮುಂದಿದ್ದವರು ಗದ್ಯವನ್ನು ನೋಡದೆ ನೆನಪಿನಿಂದ ಬರೆದಿದ್ದವರು. ಹಾಗಾಗಿ ದಾಟಿದ ಮೈಲಿಗಲ್ಲಿನ ಹಳೆಯ ಕಾರ್ಡೊಂದನ್ನು ಶನಿವಾರ ಮಗುವಿನ ಕೈಗೆ ಕೊಟ್ಟು, ಒಮ್ಮೆ ನೋಡಿ ಬೋರಲು ಹಾಕಿ, ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗಾಗಿರುವ ಹಲಗೆಯ ಮೇಲೆ ನೆನಪಿನಿಂದ ಬರೆಯಲು ಹೇಳಿ ಎಂದು ನಾನು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಇದಕ್ಕೆ ಅಂಕವೂ ಬೇಡ, ದಾಖಲೆಯೂ ಬೇಡ.

ಇನ್ನು ತರಬೇತಿಯ ಮಾತು. ಕೋಟೆಯ ಶಿಕ್ಷಕರು ನೋಡಿ, ಮಾಡಿ, ತಿದ್ದಿ ಕಲಿತಿದ್ದರು. ಪದ್ಧತಿ ರಾಜ್ಯಕ್ಕೆ ಹರಡಿದಾಗ, ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳುವ ಸರಣಿ ತರಬೇತಿ ಬಂತು. ತಟ್ಟೆಗಳಲ್ಲಿ ಓಡಾಡುತ್ತಾ ಕಲಿಯುವ ವಿಧಾನವನ್ನು ಶಿಕ್ಷಕರು ಕುರ್ಚಿಯಲ್ಲಿ ಕುಳಿತು ಉಪನ್ಯಾಸದಿಂದ ಕಲಿಯಬೇಕಾಯಿತು. ಹಾಗೆ ಕಲಿತವರಲ್ಲಿ ಹಲವರು ಏಣಿಯನ್ನು ಭರ್ತಿ ಮಾಡಬೇಕಾದ ನಮೂನೆಯೆಂದು ಭಾವಿಸಿದರೆ ಅದು ಅವರ ತಪ್ಪಲ್ಲ.

ಈಗ ನಾನು ನಡೆಸುವ ತರಬೇತಿಯನ್ನು ಶಿಬಿರಾರ್ಥಿಗಳಲ್ಲಿ ಹೆಚ್ಚಿನವರಿಗೆ ಬಾರದ, ತುಳುನಾಡಿನ ಹಳೆಯ ತಿಗಳಾರಿ ಲಿಪಿಯ ಐದು ಅಕ್ಷರಗಳಿಂದ ಆರಂಭಿಸುತ್ತೇನೆ. ಶಿಕ್ಷಕರು ಐದು ತಟ್ಟೆಗಳಲ್ಲಿ ಕೂರುತ್ತಾರೆ, ಕಾರ್ಡು ತಿದ್ದುತ್ತಾರೆ, ಪಕ್ಕದವರನ್ನು ಕೇಳುತ್ತಾರೆ. ನಿವೃತ್ತಿಗೆ ಹತ್ತಿರವಾದ ಮೇಷ್ಟರೊಬ್ಬರು ತಪ್ಪು ಕಾಣದಿರಲೆಂದು ಹಾಳೆಯನ್ನು ಅಂಗೈಯಿಂದ ಮರೆಮಾಡಿಕೊಂಡು ಬರೆದಾಗ, ತಮ್ಮ ತರಗತಿಯ ಯಾವ ಮಗು ಹೀಗೆ ಮಾಡುತ್ತದೆ ಎಂಬುದನ್ನು ಅವರೇ ಎಲ್ಲರಿಗೂ ಹೇಳಿದರು. ಮುಂದಿನ ತಿಂಗಳು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಕಾರ್ಡು ಕೊಡದೆ ಅದೇ ಐದು ಅಕ್ಷರಗಳನ್ನು ಬರೆಯಲು ಹೇಳುತ್ತೇನೆ. ಬರೆಯಲಾಗದವರು ಯಾವ ತಟ್ಟೆಗೆ ಹಿಂದಿರುಗಬೇಕು, ಎಷ್ಟು ದಿನಕ್ಕೊಮ್ಮೆ ಕಾರ್ಡನ್ನು ಮತ್ತೆ ನೋಡಬೇಕಿತ್ತು ಎಂಬುದರ ಮೇಲೆ ಅಂದಿನ ಚರ್ಚೆ ನಡೆಯುತ್ತದೆ, ಮತ್ತು ಅಲ್ಲಿ ಒಪ್ಪಿದ ಅಂತರವನ್ನೇ ಶಿಕ್ಷಕರು ತಮ್ಮ ಮಕ್ಕಳ ಶನಿವಾರದ ಕಾರ್ಡುಗಳಿಗೂ ಗೊತ್ತುಮಾಡಿಕೊಳ್ಳುತ್ತಾರೆ.