ಎನ್‌ಕ್ಲೆಕ್ಸ್ ಫೇಲ್ ಆದವರ ಜೊತೆ ಐದು ವಾರ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿ ಟೆಕ್ಸಾಸ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಊರಿನಲ್ಲಿ ಆಗ ರಾತ್ರಿ ಎಂಟೂವರೆ. ಹಾಸನದ ಹುಡುಗಿ, ರಾಯಚೂರಿನ ಬ್ರದರ್ (ಗಂಡು ನರ್ಸ್), ಬೆಂಗಳೂರಿನ ಐಸಿಯು ಸಿಸ್ಟರ್, ಮೂವರೂ ಡ್ಯೂಟಿ ಮುಗಿಸಿ ವೀಡಿಯೊ ಕಾಲ್‌ಗೆ ಬರುತ್ತಾರೆ. ಮೂವರೂ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್‌ನಲ್ಲಿ ಒಂದು ಸಲ ಫೇಲ್ ಆದವರು. ನಾನೂ ಮೊದಲ ಸಲ ಫೇಲ್ ಆಗಿದ್ದೆ. ಆಗ ಅದನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಶುರು ಮಾಡಿದೆ.

ಮೊದಲ ಎರಡು ವಾರ ಪುಸ್ತಕವನ್ನೇ ಮುಟ್ಟಲಿಲ್ಲ. ಹಾಸನದ ಹುಡುಗಿ ಫೇಲ್ ಆದವರಿಗೆ ಬರುವ ರಿಪೋರ್ಟನ್ನು ತೆರೆದೇ ಇರಲಿಲ್ಲ. ‘150 ಪ್ರಶ್ನೆ ತನಕ ಹೋದೆ ಅಕ್ಕಾ, ಆದ್ರೂ ಆಗ್ಲಿಲ್ಲ’ ಅಂತ ಅತ್ತಳು. 85 ಪ್ರಶ್ನೆ ಆದಮೇಲೆ ಪಾಸೋ ಫೇಲೋ ಅಂತ ಕಂಪ್ಯೂಟರ್‌ಗೆ ಶೇ. 95ರಷ್ಟು ಖಾತ್ರಿಯಾದರೆ ಪರೀಕ್ಷೆ ನಿಲ್ಲುತ್ತದೆ. 150ರವರೆಗೂ ಹೋಯಿತು ಅಂದರೆ ಅದಕ್ಕೆ ಕೊನೆವರೆಗೂ ಖಾತ್ರಿಯಾಗಿಲ್ಲ. ‘ನೀನು ಪಾಸ್ ಗೆರೆಯ ಪಕ್ಕದಲ್ಲೇ ಇದ್ದೆ ಕಣೇ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ರಿಪೋರ್ಟ್ ತೆರೆದಳು. ಬಹಳಷ್ಟು ವಿಭಾಗಗಳಲ್ಲಿ ಪಾಸ್ ಮಟ್ಟದ ಹತ್ತಿರ ಇದ್ದಾಳೆ. ತೀರಾ ಕೆಳಗಿರುವುದು ಮ್ಯಾನೇಜ್‌ಮೆಂಟ್ ಆಫ್ ಕೇರ್ ಒಂದರಲ್ಲಿ, ಅಂದರೆ ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ಕೊಡಬೇಕು ಅಂತ ಕೇಳುವ ವಿಭಾಗದಲ್ಲಿ.

ಉಳಿದಿಬ್ಬರದೂ ಅದೇ ಕಥೆ. ಓದು ಕಡಿಮೆಯಾಗಿ ಹೀಗಾಗಿಲ್ಲ, ಅದು ನನಗೆ ಮೂರನೇ ವಾರ ಸರಿಯಾಗಿ ಅರ್ಥವಾಯಿತು. ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡುತ್ತೀರಿ ಅಂತ ಒಂದು ಪ್ರಶ್ನೆ ಕೊಟ್ಟಿದ್ದೆ. ಬ್ರದರ್ ಆಪರೇಷನ್ ಆಗಿ ನೋವಿನಿಂದ ಕೂಗುತ್ತಿರುವವನನ್ನು ಆರಿಸಿದರು. ಥೈರಾಯ್ಡ್ ತೆಗೆಸಿಕೊಂಡು, ಉಸಿರಾಡುವಾಗ ಗೊರಗೊರ ಸದ್ದು ಬರುತ್ತಿದ್ದ ಹೆಂಗಸು ಪಟ್ಟಿಯಲ್ಲೇ ಇದ್ದಳು. ಯಾಕೆ ಅಂತ ಕೇಳಿದೆ. ‘ವಾರ್ಡ್‌ನಲ್ಲಿ ಜೋರಾಗಿ ಕೂಗೋರ ಕಡೆಯವರೇ ಅಲ್ವಾ ಅಕ್ಕಾ ಮೊದಲು ನಮ್ಮ ಟೇಬಲ್ ಹತ್ರ ಬರೋದು’ ಅಂದರು. ನಿಜ. ಶ್ವಾಸನಾಳ ಮುಚ್ಚಿಕೊಳ್ಳುತ್ತಿರುವವರಿಗೆ ಕೂಗಲು ಆಗುವುದೇ ಇಲ್ಲ.

ಇನ್ನೊಂದು ಪ್ರಶ್ನೆಯಲ್ಲಿ ರೋಗಿಗೆ ಏದುಸಿರು, ಆಕ್ಸಿಜನ್ 86. ಮೂವರೂ ಡಾಕ್ಟರ್‌ಗೆ ಫೋನ್ ಮಾಡುವ ಉತ್ತರವನ್ನೇ ಒತ್ತಿದರು. ಮೊದಲು ರೋಗಿಯನ್ನು ಎತ್ತಿ ಕೂರಿಸಬೇಕು, ಫೋನ್ ಆಮೇಲೆ. ಇದು ಅವರಿಗೆ ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ಆರ್ಡರ್ ಇಲ್ಲದೆ ಕೈ ಹಾಕಬೇಡ ಅಂತ ವರ್ಷಗಟ್ಟಲೆ ಬೈಸಿಕೊಂಡು ಬಂದ ಅಭ್ಯಾಸ. ಎಲ್‌ಪಿಎನ್‌ಗೆ (ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್‌ಗಿಂತ ಒಂದು ಹಂತ ಕೆಳಗಿನ ನರ್ಸ್) ಯಾವ ಕೆಲಸ ಕೊಡಬೇಕು ಅನ್ನುವ ಪ್ರಶ್ನೆಗಳಲ್ಲೂ ಹೀಗೇ ಆಗುತ್ತದೆ. ಆ ಹುದ್ದೆಯೇ ನಮ್ಮಲ್ಲಿಲ್ಲ. ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಂಡವಳು ಎಲ್ಲ ಕೆಲಸವನ್ನೂ ತನ್ನ ತಲೆಗೇ ಹಾಕಿಕೊಳ್ಳುತ್ತಾಳೆ.

ಹಾಗಾಗಿ ನಾಲ್ಕನೇ ವಾರದಿಂದ ಕ್ರಮ ಬದಲಿಸಿದೆ. ದಿನಕ್ಕೆ ನೂರು ಪ್ರಶ್ನೆ ಬೇಡ, ಹದಿನೈದು ಸಾಕು. ಆದರೆ ಪ್ರತಿಯೊಂದಕ್ಕೂ ‘ಇದನ್ನು ಮೊದಲು ಮಾಡದಿದ್ದರೆ ರೋಗಿಗೆ ಏನಾಗುತ್ತದೆ?’ ಅಂತ ಕನ್ನಡದಲ್ಲೇ ಜೋರಾಗಿ ಹೇಳಿ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಬೇಕು. ಡ್ಯೂಟಿಗೆ ಹೋಗುವ ದಾರಿಯಲ್ಲಿ ಕೇಳುತ್ತೇನೆ. ಎಲ್ಲಿ ಯೋಚನೆ ಜಾರುತ್ತದೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ. ‘ಎಲ್ಲ ಸರಿ ಉತ್ತರಗಳನ್ನು ಆರಿಸಿ’ ಪ್ರಶ್ನೆಗಳಲ್ಲಿ ಅಂದಾಜಿಗೆ ಟಿಕ್ ಹಾಕುವುದನ್ನೂ ಬಿಡಿಸಿದ್ದೇನೆ. 2023ರ ಹೊಸ ಮಾದರಿಯಲ್ಲಿ ಅಲ್ಲಿ ಪ್ರತಿ ಸರಿ ಟಿಕ್‌ಗೆ ಒಂದು ಅಂಕ ಸಿಗುತ್ತದೆ, ತಪ್ಪಿಗೆ ಒಂದು ಹೋಗುತ್ತದೆ.

ಈ ವಾರ ಬ್ರದರ್ ಕಳಿಸಿದ ಹದಿನೈದರಲ್ಲಿ ಹನ್ನೊಂದು ಸರಿ. ಫೇಲ್ ಆದಮೇಲೆ ಮತ್ತೆ ಬರೆಯಲು ಹಾಸನದವಳು ಕಾಯಬೇಕಿದ್ದ 45 ದಿನ ಮುಗಿದಿದೆ, ಬೆಂಗಳೂರು ಸೆಂಟರ್‌ನಲ್ಲಿ ದಿನ ಹುಡುಕುತ್ತಿದ್ದಾಳೆ.

ಐಸಿಯು ಸಿಸ್ಟರ್ ಮಾತ್ರ ಎರಡು ಶನಿವಾರ ಬಂದಿಲ್ಲ. ಮತ್ತೆ 200 ಡಾಲರ್ ಫೀಸು, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150. ಮನೆಯಲ್ಲಿ ಕೇಳಲು ಮುಜುಗರ ಅಂತ ಒಮ್ಮೆ ಹೇಳಿದ್ದಳು. ಇವತ್ತು ಗುಂಪಿನಲ್ಲಿ ಬೇಡ, ಅವಳೊಬ್ಬಳಿಗೇ ಫೋನ್ ಮಾಡುತ್ತೇನೆ.