ಪರ್ಸು ತೆಳ್ಳಗಾಯ್ತು

ಹೊಸ ಪರ್ಸ್ ತಗೊಂಡೆ. ತೆಳ್ಳಗಿನದು, ನೈಲಾನಿನದು. ಶಿರಸಿ ಮಳೆಗಾಲಕ್ಕೆ ಚರ್ಮದ್ದು ಬೇಡವೇ ಬೇಡ. ಆಷಾಢದಲ್ಲಿ ಸುಮ್ನೆ ಕಪಾಟಿನಲ್ಲಿಟ್ಟರೂ ಹೊಲಿಗೆಯ ಗುಂಟ ಬಿಳಿ ಬೂಸ್ಟು ಹತ್ತುತ್ತದೆ. ಒರೆಸಿದರೂ ವಾಸನೆ ಬಿಡುವುದಿಲ್ಲ.

ಅಂಗಡಿಯಲ್ಲಿ ನಾನು ಮುಖ್ಯವಾಗಿ ನೋಡಿದ್ದು ನೋಟು ಹೇಗೆ ಕೂರುತ್ತದೆ ಅಂತ. ಎಟಿಎಂ ಕಾರ್ಡಿನ ಉದ್ದ 85.6 ಮಿ.ಮೀ. ಐನೂರರ ನೋಟು 150. ಒಂದು ಸಲ ಮಡಚಿದರೆ 75, ಆರಾಮಾಗಿ ಹಿಡಿಸುತ್ತದೆ. ಆದರೆ ಅಗಲದಲ್ಲಿ ಕಾರ್ಡು 54, ನೋಟು 66. ಕಾರ್ಡಿನ ಅಳತೆಗೇ ಹೊಲಿದ ಪರ್ಸಾದರೆ ನೋಟಿನ ಅಂಚು ಹೊರಗೆ ಇಣುಕುತ್ತದೆ. ಹತ್ತು ನೋಟು ಮಡಚಿದರೆ ಇಪ್ಪತ್ತು ಪದರ ಬೇರೆ! ಹಾಗಾಗಿ ನಾಲ್ಕೈದೇ ಸಾಕು.

ಫೋನಿನಲ್ಲೇ ದುಡ್ಡು ಕೊಡಬಹುದಲ್ವಾ ಅಂತೀರಾ? ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹುಡುಕಿ ನೋಡಿ. ಡಿಎಲ್, ಆರ್‌ಸಿ ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ, 2018ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಹೇಳಿದೆ. ಆದರೂ ಡಿಎಲ್ ಕಾರ್ಡನ್ನು ಪರ್ಸಿನಲ್ಲೇ ಇಟ್ಟಿದ್ದೇನೆ. ಅದೇ ಘಟ್ಟದ ಕಾರಣಕ್ಕೆ.

ಹಳೆಯ ಪರ್ಸ್ ಕೊಡವಿದಾಗ ಬಿದ್ದದ್ದು ಜಾಸ್ತಿ ಕಾಗದವೇ. ಅಕ್ಷರ ಪೂರ್ತಿ ಮಾಸಿದ ಪೆಟ್ರೋಲ್ ಬಿಲ್ಲುಗಳು, ಮಾರಿಕಾಂಬಾ ದೇವಸ್ಥಾನದ ಸೇವಾ ಚೀಟಿ, ಯಾರದೋ ವಿಸಿಟಿಂಗ್ ಕಾರ್ಡು. ಇಷ್ಟು ದಿನ ಬೆನ್ನಡಿ ಹಾಕಿಕೊಂಡು ಕೂತಿದ್ದು ದುಡ್ಡನ್ನಲ್ಲ, ಇದನ್ನು! ಸೇವಾ ಚೀಟಿ ಒಂದನ್ನು ಮಾತ್ರ ಎಸೆಯಲು ಮನಸ್ಸು ಬರಲಿಲ್ಲ. ಅದು ಹೊಸದರಲ್ಲೂ ಸೇರಿತು.

ನಾಣ್ಯಕ್ಕೆ ಜಾಗ ಇಲ್ಲ. ನೀವೆಲ್ಲ ಚಿಲ್ಲರೆ ಎಲ್ಲಿಡ್ತೀರಿ?